ಅಂಚೆ ಕಾರ್ಡಿನಿಂದ ವಾಟ್ಸ್‌ಆ್ಯಪ್‌ವರೆಗೆ: ಉತ್ತರ ಕನ್ನಡ ಕರಾವಳಿಯಲ್ಲಿ ಖಾಸಗಿತನದ ಹಾದಿ

ಹೊನ್ನಾವರದ ಬಳಿ ಶರಾವತಿಯ ನೀರು ಸುತ್ತುವರಿದಿರುವ ಮಾವಿನಕುರ್ವೆಯಂತಹ ಕುರ್ವೆಗಳಿಗೆ, ಅಂದರೆ ನದಿಯ ನಡುಗಡ್ಡೆಗಳಿಗೆ, ಸೇತುವೆಗಳಿಲ್ಲದ ಕಾಲದಲ್ಲಿ ಹೊರಗಿನ ಸುದ್ದಿ ದೋಣಿ ದಾಟಿಯೇ ಬರಬೇಕಿತ್ತು. 1879ರ ಜುಲೈ 1ರಂದು ಭಾರತದಲ್ಲಿ ಜಾರಿಗೆ ಬಂದ ಕಾಲಾಣೆಯ ಅಂಚೆ ಕಾರ್ಡು ಬಡವರಿಗೂ ಪತ್ರವ್ಯವಹಾರವನ್ನು ಕೈಗೆಟುಕಿಸಿತಾದರೂ, ಅದರ ಬರಹ ದಾರಿಯುದ್ದಕ್ಕೂ ಕಂಡವರ ಕಣ್ಣಿಗೆ ತೆರೆದೇ ಇತ್ತು. ಓದುಬಾರದ ಮನೆಗಳಲ್ಲಿ ಕಾಗದವನ್ನು ಓದಿಹೇಳುವ ಕೆಲಸವೂ ಎಷ್ಟೋ ಸಲ ಅಂಚೆಯವನದೇ ಆಗುತ್ತಿತ್ತು. ಮುಂಬಯಿಗೆ ದುಡಿಯಲು ಹೋದವರು ಕಳುಹಿಸುತ್ತಿದ್ದ ಮನಿಆರ್ಡರಿನ ಫಾರಮಿಗೆ ತಾಯಿ ಹೆಬ್ಬೆಟ್ಟು ಒತ್ತಿದರೆ ಅದಕ್ಕೆ ಸಾಕ್ಷಿಯ ಸಹಿ ಬೇಕಾಗುತ್ತಿದ್ದುದರಿಂದ, ಬಂದ ಹಣದ ಮೊತ್ತವೂ ಫಾರಮಿನ ಅಡಿಯ ಚೀಟಿಯಲ್ಲಿದ್ದ ಎರಡು ಸಾಲಿನ ಸಮಾಚಾರವೂ ನೆರೆಮನೆಗೆ ತಿಳಿಯದೆ ಉಳಿಯುತ್ತಿರಲಿಲ್ಲ.

ಹೀಗಿದ್ದರೂ ಆ ವ್ಯವಸ್ಥೆ ಒಂದು ಮುಖ್ಯ ತತ್ತ್ವವನ್ನು ಒಪ್ಪಿಕೊಂಡಿತ್ತು: ಸುದ್ದಿ ಹೊರುವವನಿಗೆ ಕಾನೂನಿನ ಕಡಿವಾಣವಿರಬೇಕು. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯು ಕರ್ತವ್ಯಕ್ಕೆ ವಿರುದ್ಧವಾಗಿ ಪತ್ರ ಒಡೆಯುವ ಅಂಚೆ ನೌಕರನಿಗೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆಂದಿತು. 1885ರ ಟೆಲಿಗ್ರಾಫ್ ಕಾಯಿದೆಯೂ ತಂತಿ ನೌಕರರಿಗೆ ಇಂತಹದೇ ಶಿಕ್ಷೆಯನ್ನು ಗೊತ್ತುಮಾಡಿತ್ತು. ಆದರೆ ಎರಡೂ ಕಾಯಿದೆಗಳು ಸಾರ್ವಜನಿಕ ತುರ್ತಿನ ಹೆಸರಿನಲ್ಲಿ ಸರ್ಕಾರಕ್ಕೆ ಮಾತ್ರ ಬಾಗಿಲು ತೆರೆದಿಟ್ಟವು.

ಆ ಬಾಗಿಲು ಎಷ್ಟು ಅಗಲವೆಂಬುದನ್ನು ನಾಡಿಗೆ ತೋರಿಸಿದ ಪ್ರಕರಣದ ಕೇಂದ್ರದಲ್ಲಿದ್ದವರು ಇದೇ ಜಿಲ್ಲೆಯವರು. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು, ರಾಜಕಾರಣಿಗಳ ದೂರವಾಣಿ ಮಾತುಕತೆಯನ್ನು ರಾಜ್ಯದ ಪೊಲೀಸರು ಕದ್ದಾಲಿಸಿದರೆಂಬ ವಿವಾದದ ನಡುವೆ, 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆ ಆದೇಶವನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂಬ ಕಟ್ಟುಪಾಡನ್ನು ಸುಪ್ರೀಂ ಕೋರ್ಟು ವಿಧಿಸಿದ್ದು 1996ರ ಡಿಸೆಂಬರಿನಲ್ಲಿ.

ಖಾಸಗಿತನ ಮೂಲಭೂತ ಹಕ್ಕೇ ಎಂಬ ಮೂಲ ಪ್ರಶ್ನೆಯನ್ನು ಇತ್ಯರ್ಥಗೊಳಿಸಿದ ಮೊಕದ್ದಮೆಯೂ ಕನ್ನಡನಾಡಿಗೆ ಸೇರಿದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮೂಡುಬಿದಿರೆ ಬಳಿಯ ಬೆಳುವಾಯಿಯ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಆ ಪೀಠದಲ್ಲಿದ್ದರು. ಕರಾವಳಿಯ ಓದುಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯಿದು.

ಅಷ್ಟರಲ್ಲಿ ಸುದ್ದಿ ಹೊರುವವರು ಬದಲಾಗಿದ್ದರು. ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ಹೋದವರ ಕಾಗದಗಳ ಜಾಗಕ್ಕೆ ವಾಟ್ಸ್‌ಆ್ಯಪ್ ಬಂದಿತ್ತು. ಅಲ್ಲಿ ಸಂದೇಶದ ಒಳಗನ್ನು ಗೂಢಲಿಪಿ ಕಾಯುತ್ತದೆ. ಆದರೆ ಯಾರು ಯಾರೊಡನೆ ಯಾವಾಗ ಸಂಪರ್ಕಿಸಿದರು ಎಂಬಂತಹ ವಿವರಗಳು, ಅಂದರೆ ಮಾತಿನ ಸುತ್ತಲಿನ ಮಾಹಿತಿ, ಕಂಪನಿಗೆ ದಕ್ಕುತ್ತವೆ. ಅಂಚೆಯವನು ಓದಿದ್ದನ್ನು ಮರೆಯುತ್ತಿದ್ದ. ಕಂಪನಿ ಸಂಗ್ರಹಿಸಿಡುತ್ತದೆ, ಹೋಲಿಸುತ್ತದೆ, ಜಾಹೀರಾತಿಗೆ ಬಳಸುತ್ತದೆ. ಮಾತೃಸಂಸ್ಥೆಯೊಡನೆ ಮಾಹಿತಿ ಹಂಚಿಕೆಯನ್ನು ಒಪ್ಪಲೇಬೇಕೆಂದು ಬಳಕೆದಾರರ ಮೇಲೆ ಹೇರಿದ 2021ರ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ಆ ಮಾತೃಸಂಸ್ಥೆಯಾದ ಮೆಟಾ ಕಂಪನಿಗೆ ₹213.14 ಕೋಟಿ ದಂಡ ವಿಧಿಸಿತು.

ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ತಂದ ತಿದ್ದುಪಡಿಯು ಸೂಕ್ಷ್ಮ ಮಾಹಿತಿಯನ್ನು ಅಜಾಗರೂಕತೆಯಿಂದ ನಿರ್ವಹಿಸಿದ ಕಂಪನಿಯಿಂದ ಪರಿಹಾರ ಕೇಳಲು ಅವಕಾಶ ಕೊಟ್ಟಿತ್ತು. ಆದರೆ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಪ್ರತ್ಯೇಕ ಕಾಯಿದೆ ರೂಪುಗೊಂಡದ್ದು 2023ರಲ್ಲಿ. ಸಮ್ಮತಿ ಪಡೆಯುವುದು, ಕೇಳಿದಾಗ ತಿದ್ದುವುದು, ಅಳಿಸುವುದು, 18 ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಪಡೆಯುವುದು ಅದರ ಪ್ರಕಾರ ಕಂಪನಿಗಳ ಹೊಣೆ. ಭದ್ರತೆಯಲ್ಲಿ ತಪ್ಪಿದರೆ ದಂಡ ₹250 ಕೋಟಿಯವರೆಗೆ ಏರಬಹುದು. ಕುರ್ವೆಯ ಅಂಚೆಯವನ ಮೇಲೆ 1898ರಲ್ಲೇ ಇದ್ದ ಕಡಿವಾಣ ಈ ದೊಡ್ಡ ಕಂಪನಿಗಳನ್ನು ಮುಟ್ಟಲು ಇಷ್ಟು ತಡವಾದದ್ದು ಸಣ್ಣ ಲೋಪವಲ್ಲ.

ಇದಕ್ಕಿಂತ ದೊಡ್ಡ ಲೋಪ 2023ರ ಕಾಯಿದೆಯ 17ನೇ ಪ್ರಕರಣದಲ್ಲಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರವು ತಾನು ಹೆಸರಿಸಿದ ಸರ್ಕಾರಿ ಸಂಸ್ಥೆಗಳನ್ನು ಈ ಕಾಯಿದೆಯಿಂದಲೇ ಹೊರಗಿಡಬಹುದೆಂದು ಅದು ಹೇಳುತ್ತದೆ. 1988ರಲ್ಲಿ ಕದ್ದಾಲಿಸಿದ ಆರೋಪ ಬಂದದ್ದು ಸರ್ಕಾರದ ಮೇಲೆಯೇ ಎಂಬುದನ್ನು ನೆನೆದರೆ, ಈ ವಿನಾಯಿತಿಗೆ ಸ್ವತಂತ್ರ ಪರಿಶೀಲನೆಯ ಬೇಲಿ ಹಾಕುವ ತಿದ್ದುಪಡಿ ಆಗಲೇಬೇಕು. ಅದನ್ನು ತಮ್ಮ ಸಂಸದರಲ್ಲಿ ಕೇಳುವ ಹಕ್ಕು ಕುಮಟಾ, ಹೊನ್ನಾವರ, ಭಟ್ಕಳದ ಮತದಾರರಿಗೂ ಇದೆ.