ಪರಿಹಾರದ ಅರ್ಜಿಯಲ್ಲಿ ಒಂದು ಮನೆ

ನನ್ನ ಪಿಎಚ್.ಡಿ. ವಿಷಯ ಕರಾವಳಿ ಕರ್ನಾಟಕದಿಂದ ಕೊಲ್ಲಿ ದೇಶಗಳಿಗೆ ನಡೆದ ವಲಸೆ. ಇಲ್ಲಿಯವರೆಗೆ ನಾನು ಓದಿದ ದಾಖಲೆಗಳಲ್ಲಿ ವೀಸಾಗಳಿವೆ, ಊರಿಗೆ ಬಂದ ಹಣದ ಲೆಕ್ಕವಿದೆ, ತೈಲ ಬೆಲೆಯ ಏರಿಳಿತವಿದೆ. ಆದರೆ ಆ ಮರುಭೂಮಿಯಲ್ಲಿ ಒಂದು ಸಂಸಾರ ಬೆಳಗ್ಗೆ ಎದ್ದು ಏನು ಮಾಡುತ್ತಿತ್ತು ಎಂಬುದು ಅವುಗಳಲ್ಲಿ ಇಲ್ಲ. ಅದು ಸಿಕ್ಕಿದ್ದು ಉಡುಪಿಯಲ್ಲಿ, ಚಿಕ್ಕಮ್ಮನ ಕಪಾಟಿನಲ್ಲಿದ್ದ ಒಂದು ಅರ್ಜಿಯ ಕಾರ್ಬನ್ ಪ್ರತಿಯಲ್ಲಿ.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಸುಮಾರು 1,70,000 ಭಾರತೀಯರಿದ್ದರು. ಯುದ್ಧ ಮುಗಿದ ಮೇಲೆ, 1991ರಲ್ಲಿ, ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗವನ್ನು ಸ್ಥಾಪಿಸಿತು. ಇರಾಕಿನ ತೈಲ ಮಾರಾಟದ ಒಂದು ಪಾಲಿನಿಂದ ನಷ್ಟ ಭರಿಸಬೇಕೆಂಬುದು ಏರ್ಪಾಡು. ದೇಶ ಬಿಟ್ಟು ಬರಬೇಕಾದ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ನಿಗದಿಯಾಯಿತು. ಮನೆಸಾಮಾನು ಕಳೆದುಕೊಂಡವರು ಬೇರೆ ವರ್ಗದಲ್ಲಿ ಅರ್ಜಿ ಹಾಕಬೇಕಿತ್ತು. ಚಿಕ್ಕಪ್ಪ ಹಾಕಿದ್ದು ಈ ಎರಡನೆಯದನ್ನು. ಅದರ ಜೊತೆಗಿದ್ದ ಮನೆಸಾಮಾನಿನ ಪಟ್ಟಿಯನ್ನು ನಾನು ಚಿಕ್ಕಮ್ಮನ ಮುಂದಿಟ್ಟು ಒಂದೊಂದನ್ನೇ ಕೇಳುತ್ತಾ ಹೋದೆ.

‘ಇದನ್ನೆಲ್ಲ ಬರೆದು ನೀನು ಎಂತ ಮಾಡ್ತಿ?’ ಎಂದರು. ಆದರೂ ಹೇಳಿದರು.

ಮೊದಲ ಸಾಲು: ಫ್ರಿಜ್ ಒಂದು. ಸಾಲ್ಮಿಯಾದ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೇಸಿಗೆಯ ದಿನಚರಿ ನಡೆಯುತ್ತಿದ್ದುದು ನೀರಿನ ಸುತ್ತ. ಬಿಸಿಲಿಗೆ ತಾರಸಿಯ ಟ್ಯಾಂಕ್ ಕಾದು ನಲ್ಲಿಯಲ್ಲಿ ಕೈಸುಡುವ ನೀರು ಬರುತ್ತಿತ್ತು. ಹಾಗಾಗಿ ಮೇ ತಿಂಗಳಿಗೇ ಗೀಸರಿನ ಸ್ವಿಚ್ಚು ಆರಿಸಿಬಿಡುತ್ತಿದ್ದರು. ಮನೆಯೊಳಗಿನ ನೆರಳಲ್ಲಿ ಗೀಸರಿನೊಳಗೆ ನಿಂತ ನೀರೇ ತಣ್ಣೀರು. ಬಿಸಿನೀರು ಬೇಕಾದರೆ ತಣ್ಣೀರಿನ ನಲ್ಲಿ, ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ! ಊರಿಗೆ ಬಂದಾಗಲೂ ಮಕ್ಕಳು ತಪ್ಪು ನಲ್ಲಿ ತಿರುಗಿಸುತ್ತಿದ್ದರಂತೆ.

ಈ ನೀರಿಗೂ ಒಂದು ಚರಿತ್ರೆಯಿದೆ. ಹಿಂದೆ ಕುವೈತ್ ಪಟ್ಟಣಕ್ಕೆ ಕುಡಿಯುವ ನೀರು ಶತ್ ಅಲ್ ಅರಬ್ ನದಿಯಿಂದ ಹಾಯಿ ದೋಣಿಗಳಲ್ಲಿ ಬರುತ್ತಿತ್ತು. 1953ರಲ್ಲಿ ಸರ್ಕಾರ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ತೆರೆಯಿತು. ಆಗ ಆ ಊರಿನ ಪೇಟೆಯಲ್ಲಿ ಓಡುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಪ್ರತ್ಯೇಕ ನೋಟು ಮುದ್ರಿಸಿತು, 1961ರಲ್ಲಿ ಕುವೈತಿಗೆ ತನ್ನದೇ ದಿನಾರು ಬಂತು. 1973ರಲ್ಲಿ ತೈಲದ ಬೆಲೆ ಜಿಗಿದ ಮೇಲೆ ನಮ್ಮ ಕರಾವಳಿಯಿಂದಲೂ ಜನ ಹೆಚ್ಚು ಹೆಚ್ಚಾಗಿ ಹೊರಟರು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಅವಕಾಶವಿದ್ದದ್ದು ಒಳ್ಳೆಯ ಸಂಬಳದವರಿಗೆ ಮಾತ್ರ. ಆದ್ದರಿಂದ ಇದು ಎಲ್ಲ ವಲಸಿಗರ ಕಥೆಯಲ್ಲ. ಒಂದೇ ಕೋಣೆಯಲ್ಲಿ ಹಲವರು ಮಲಗುತ್ತಿದ್ದ ಕಾರ್ಮಿಕರ ಬಳಿ ಪಟ್ಟಿ ಮಾಡುವಷ್ಟು ಸಾಮಾನೂ ಇರಲಿಲ್ಲ.

ಮುಂದಿನ ಸಾಲು: ಗ್ರೈಂಡರ್ ಒಂದು. ಊರಿನಿಂದ ಹೊತ್ತು ತಂದದ್ದು. ಜುಲೈಯಲ್ಲಿ ಇಡ್ಲಿ ಹಿಟ್ಟು ಮೂರು ಗಂಟೆಯಲ್ಲೇ ಹುಳಿಯಾಗಿ ಪಾತ್ರೆಯಿಂದ ಹೊರಗೆ ಬರುತ್ತಿತ್ತು. ಜನವರಿಯ ಚಳಿಗೆ ಎರಡು ದಿನವಾದರೂ ಉಬ್ಬುತ್ತಿರಲಿಲ್ಲ, ಓವನ್ನಿನೊಳಗೆ ಮುಚ್ಚಿಡಬೇಕಿತ್ತು. ಶುಕ್ರವಾರ ರಜೆ. ಅಂದು ಮೀನು ಪೇಟೆಯಿಂದ ಮಾಂಜಿ ಬರುತ್ತಿತ್ತು, ಅಲ್ಲಿನವರ ಬಾಯಲ್ಲಿ ಜುಬೈದಿ. ಧೂಳಿನ ಗಾಳಿ ಎದ್ದ ದಿನ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರು. ಆದರೂ ಸಂಜೆ ಅನ್ನದಲ್ಲಿ ಮರಳು ಕರಕರ ಎನ್ನುತ್ತಿತ್ತು.

ಟೇಪ್ ರೆಕಾರ್ಡರ್ ಒಂದು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಊರಿಗೆ ಹೋಗುವವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದರು.

ಪಟ್ಟಿಯಲ್ಲಿ ಇಲ್ಲದ್ದೂ ಗಮನಿಸಬೇಕಾದದ್ದೇ. ಎಂಟು ವರ್ಷ ಬದುಕಿದ ಮನೆಯಲ್ಲಿ ಸೋಫಾ ಇಲ್ಲ, ಪುಸ್ತಕದ ಕಪಾಟಿಲ್ಲ. ಊರಿಗೆ ಒಯ್ಯಲೆಂದು ಕೊಂಡಿಟ್ಟ ಕಂಬಳಿಗಳು ಮಾತ್ರ ಆರು. ವಾಸದ ಪರವಾನಗಿ ಪ್ರಾಯೋಜಕನ ಕೈಯಲ್ಲಿ, ಪೌರತ್ವದ ಮಾತೇ ಇಲ್ಲ. ‘ನಾಳೆ ಹೋಗುವವರಿಗೆ ಸೋಫಾ ಎಂತಕ್ಕೆ?’ ಎಂದು ಚಿಕ್ಕಮ್ಮ ಕೇಳಿದರು. ಆ ನಾಳೆಯನ್ನೇ ನೆಚ್ಚಿ ಎಂಟು ವರ್ಷ ಕಳೆದಿದ್ದರು.

ಆಕ್ರಮಣದ ದಿನ ಚಿಕ್ಕಮ್ಮ ಮಕ್ಕಳೊಂದಿಗೆ ಬೇಸಿಗೆ ರಜೆಗೆ ಉಡುಪಿಯಲ್ಲಿದ್ದರು. ಚಿಕ್ಕಪ್ಪ ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಮುಖ್ಯವಾಗಿ ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದವು. ಮೇಲಿನ ಮಹಡಿಯಲ್ಲಿದ್ದ ಪ್ಯಾಲೆಸ್ತೀನಿ ಟೀಚರ್ ಕುಟುಂಬ ಎಲ್ಲಿ ಹೋಯಿತೋ ಚಿಕ್ಕಮ್ಮನಿಗೆ ಗೊತ್ತಿಲ್ಲ. ಯುದ್ಧಕ್ಕೆ ಮೊದಲು ಕುವೈತಿನಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ತೀನಿಯರಿದ್ದರು, ಆಮೇಲೆ ಉಳಿದವರು ಅವರಲ್ಲಿ ಒಂದು ಸಣ್ಣ ಪಾಲು ಮಾತ್ರ. ‘ನಮಗೆ ಬರಲಿಕ್ಕೆ ಊರಾದರೂ ಇತ್ತು’ ಎಂದು ಚಿಕ್ಕಮ್ಮ ಸುಮ್ಮನಾದರು.

ಕೆಲವು ವರ್ಷಗಳ ನಂತರ ಪರಿಹಾರದ ಹಣ ಬಂತು, ಮಗನ ಕಾಲೇಜಿಗೆ ಖರ್ಚಾಯಿತು. ಅಷ್ಟರಲ್ಲಿ ಚಿಕ್ಕಪ್ಪ ಒಬ್ಬರೇ ಮರಳಿ ಕುವೈತಿಗೆ ಹೋಗಿದ್ದರು. ಸಂಸಾರ ಮತ್ತೆ ಅಲ್ಲಿಗೆ ಹೋಗಲಿಲ್ಲ. ನಮ್ಮ ಅಧ್ಯಯನಗಳಲ್ಲಿ ಕಾಣುವ ‘ಹಣ ಕಳಿಸುವ ಗಂಡಸು’ ಈ ಮನೆಯಲ್ಲಿ ಹುಟ್ಟಿದ್ದು ಹಾಗೆ, ಒಂದು ಮನೆ ಮುರಿದ ಮೇಲೆ. ಅಂಕಿಅಂಶಗಳಲ್ಲಿ ಆ ಮೊದಲ ಮನೆ ಕಾಣುವುದಿಲ್ಲ. ಒಂದು ಸಂಸಾರದ ದಿನನಿತ್ಯದ ಬದುಕು ಬರವಣಿಗೆಗೆ ಬರಲು ಅದು ನಾಶವಾಗಬೇಕಾಯಿತು. ಬಂದದ್ದೂ ದಿನಾರಿನಲ್ಲಿ ಬೆಲೆ ಕಟ್ಟಬಹುದಾದಷ್ಟು ಮಾತ್ರ.

ಪಟ್ಟಿಯ ಕೊನೆಗೆ ಒಂದು ಸಾಲನ್ನು ಗೀಟು ಎಳೆದು ಹೊಡೆದಿದ್ದರು. ಏನೆಂದು ಕೇಳಿದೆ. ಬಾಲ್ಕನಿಯಲ್ಲಿ ಪೇಂಟಿನ ಡಬ್ಬಿಯಲ್ಲಿ ಚಿಕ್ಕಮ್ಮ ಬೆಳೆಸಿದ್ದ ಬಸಳೆ ಬಳ್ಳಿ. ಸೆಕೆಯ ದಿನಗಳಲ್ಲಿ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಾಲ್ದಿಯಲ್ಲಿ ಹಿಡಿದು ಅದಕ್ಕೆ ಹಾಕುತ್ತಿದ್ದರು. ಅವರು ಬರೆಸಿದ್ದನ್ನು ಚಿಕ್ಕಪ್ಪ ‘ಇದಕ್ಕೆ ಯಾರು ದುಡ್ಡು ಕೊಡ್ತಾರೆ?’ ಎಂದು ನಗುತ್ತಾ ಹೊಡೆದುಹಾಕಿದ್ದರು.

ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಆ ಸಾಲನ್ನು ಮತ್ತೆ ಸೇರಿಸಿದ್ದೇನೆ.