ಪ್ರಯೋಗದ ಮೇಜು, ಪರೀಕ್ಷೆಯ ಹಾಳೆ: ಮಲೇಷ್ಯಾದ ಶಾಲೆಗಳಲ್ಲಿ ವಿಜ್ಞಾನ ಮತ್ತು ಗಣಕ ಬೋಧನೆಯ ಸಲಕರಣೆಗಳು

ಶಾಲಾ ವಿಜ್ಞಾನದ ಸಲಕರಣೆಗಳನ್ನು ಕುರಿತ ಅಧ್ಯಯನಗಳು ಯಾವ ವರ್ಷ ಯಾವ ಉಪಕರಣ ತರಗತಿಗೆ ಬಂತು ಎಂಬುದನ್ನು ಶ್ರದ್ಧೆಯಿಂದ ದಾಖಲಿಸುತ್ತವೆಯಾದರೂ, ಬಂದ ಉಪಕರಣ ಎಷ್ಟು ಕಾಲ ಬಳಕೆಯಲ್ಲಿ ಉಳಿಯಿತು, ಯಾಕೆ ಮೂಲೆ ಸೇರಿತು ಎಂಬ ಪ್ರಶ್ನೆಯನ್ನು ಅಷ್ಟಾಗಿ ಎತ್ತಿಕೊಳ್ಳುವುದಿಲ್ಲ. ಮಲೇಷ್ಯಾದಲ್ಲಿ 1960ರ ದಶಕದ ಕೊನೆಯ ಚಟುವಟಿಕೆ ಹಾಳೆಗಳು, 2000ದ ಆಸುಪಾಸಿನ ಪಠ್ಯ ತಂತ್ರಾಂಶಗಳು ಮತ್ತು 2017ರ ನಂತರದ ಗಣಕ ಪಠ್ಯಕ್ರಮ, ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, ಸಲಕರಣೆಯ ಆಯುಷ್ಯವನ್ನು ನಿರ್ಧರಿಸಿದ್ದು ಅದರ ಗುಣಮಟ್ಟಕ್ಕಿಂತ ಹೆಚ್ಚಾಗಿ ಬೋಧನಾ ಭಾಷೆ ಮತ್ತು ಪರೀಕ್ಷಾ ಪದ್ಧತಿ ಎಂಬುದು ಕಾಣಿಸುತ್ತದೆ.

ಸ್ವಾತಂತ್ರ್ಯ ಬಂದ ಮೊದಲ ದಶಕದಲ್ಲಿ ಅಲ್ಲಿನ ವಿಜ್ಞಾನ ತರಗತಿ ಬಹುಮಟ್ಟಿಗೆ ಬ್ರಿಟಿಷ್ ಮಾದರಿಯ ಉಪನ್ಯಾಸವೇ ಆಗಿತ್ತು. 1967ರಲ್ಲಿ ಪೆನಾಂಗಿನಲ್ಲಿ ಆಗ್ನೇಯ ಏಷ್ಯಾದ ಶಿಕ್ಷಣ ಸಚಿವರ ಸಂಘಟನೆಯ ಆಶ್ರಯದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಣದ ಪ್ರಾದೇಶಿಕ ಕೇಂದ್ರ, ಅಂದರೆ ರೆಕ್ಸಾಮ್, ಸ್ಥಾಪನೆಯಾಯಿತು. ಮರುವರ್ಷದಿಂದ ಪ್ರಾಥಮಿಕ ಶಾಲೆಗಳಿಗಾಗಿ 'ಪ್ರೊಜೆಕ್ ಖಾಸ್' ಎಂಬ ವಿಶೇಷ ಯೋಜನೆ ಕೈಗೂಡಿತು. ಕೆಳ ಮಾಧ್ಯಮಿಕ ಹಂತಕ್ಕೆ 1969ರಲ್ಲಿ ಸ್ಕಾಟ್ಲೆಂಡಿನ ಸಮನ್ವಿತ ವಿಜ್ಞಾನ ಪಠ್ಯಕ್ರಮವನ್ನೂ, ಮೇಲಿನ ಹಂತಕ್ಕೆ 1972ರಲ್ಲಿ ಇಂಗ್ಲೆಂಡಿನ ನಫೀಲ್ಡ್ ಯೋಜನೆಯ ಪಠ್ಯಗಳನ್ನೂ ಅಳವಡಿಸಿಕೊಳ್ಳಲಾಯಿತು. ಇವೆಲ್ಲವುಗಳ ಹಿಂದಿದ್ದ ತತ್ತ್ವ ಶೋಧನಾ ವಿಧಾನ: ನಿಯಮವನ್ನು ಮೊದಲೇ ಹೇಳದೆ, ಮಗು ಅಳೆದು, ಸುರಿದು, ಕಾಯಿಸಿ ನೋಡಿ ತಾನೇ ನಿಯಮಕ್ಕೆ ತಲುಪುವಂತೆ ಪಾಠವನ್ನು ಹೆಣೆಯುವುದು. ಚಟುವಟಿಕೆ ಹಾಳೆಗಳು ಎರವಲಾದರೂ ಅವುಗಳಿಗೆ ಒಂದು ಅನುಕೂಲವಿತ್ತು; ಸ್ಕಾಟ್ಲೆಂಡಿನ ಗಿಡದ ಬದಲು ರಬ್ಬರ್ ತೋಟದ ಎಲೆಯನ್ನು ಮೇಜಿನ ಮೇಲಿಡಲು ಶಿಕ್ಷಕನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಕಂಪ್ಯೂಟರ್ ಈ ಸ್ವಾತಂತ್ರ್ಯವನ್ನು ಕಿರಿದುಗೊಳಿಸಿತು. ಮಲ್ಟಿಮೀಡಿಯಾ ಸೂಪರ್ ಕಾರಿಡಾರ್ ಎಂಬ ರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಯೋಜನೆಯ ಅಂಗವಾಗಿ 1997ರಲ್ಲಿ 'ಸೆಕೊಲಾ ಬೆಸ್ತಾರಿ', ಎಂದರೆ ಚುರುಕು ಶಾಲೆ, ಎಂಬ ಕಲ್ಪನೆಯ ನೀಲನಕ್ಷೆ ಸಿದ್ಧವಾಗಿ, 1999ರಿಂದ 2002ರವರೆಗೆ 87 ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಜಾರಿಗೆ ಬಂತು. ಮಲಯ ಭಾಷೆ, ಇಂಗ್ಲಿಷ್, ವಿಜ್ಞಾನ, ಗಣಿತ ಈ ನಾಲ್ಕು ವಿಷಯಗಳಿಗೆ ತಂತ್ರಾಂಶಗಳನ್ನು ತಯಾರಿಸಲಾಯಿತು. ಆದರೆ ಬಹುಪಾಲು ಶಾಲೆಗಳಿಗೆ ಸಿಕ್ಕಿದ್ದು ಒಂದೇ ಕಂಪ್ಯೂಟರ್ ಕೊಠಡಿಯಾದ್ದರಿಂದ, ವಿಜ್ಞಾನದ ಶಿಕ್ಷಕ ತನ್ನ ಸರದಿ ಬಂದ ದಿನ ಮಕ್ಕಳನ್ನು ಸಾಲುಗಟ್ಟಿಸಿ ಅಲ್ಲಿಗೆ ಕರೆದೊಯ್ಯಬೇಕಾಗಿತ್ತು. ಪಾಠದ ನಡುವೆ ಬೇಕೆನಿಸಿದ ಕ್ಷಣದಲ್ಲಿ ಬಳಸುವ ಸಾಧನವಾಗಿ ಅದು ಒದಗಲಿಲ್ಲ.

ಇದಕ್ಕಿಂತ ದೊಡ್ಡ ಪಲ್ಲಟ ಭಾಷೆಯದು. ವಿಜ್ಞಾನ ಮತ್ತು ಗಣಿತವನ್ನು ಇಂಗ್ಲಿಷಿನಲ್ಲಿ ಕಲಿಸುವ ನೀತಿ (ಅಲ್ಲಿ ಪಿಪಿಎಸ್ಎಂಐ ಎಂದು ಪ್ರಸಿದ್ಧ) ಮಹಾತಿರ್ ಮೊಹಮದ್ ಪ್ರಧಾನಿಯಾಗಿದ್ದಾಗ 2003ರಲ್ಲಿ ಪ್ರಾಥಮಿಕ ಶಾಲೆಯ ಒಂದನೆಯ ವರ್ಷ, ಒಂದನೆಯ ಫಾರ್ಮ್ (ಮಾಧ್ಯಮಿಕ ಶಾಲೆಯ ಮೊದಲ ತರಗತಿ) ಮತ್ತು ಕೆಳ ಆರನೆಯ ಫಾರ್ಮ್‌ಗಳಲ್ಲಿ ಏಕಕಾಲಕ್ಕೆ ಆರಂಭವಾಯಿತು. ಶಿಕ್ಷಕರಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಮತ್ತು ಪಾಠದ ಸಿ.ಡಿ.ಗಳನ್ನು ಕೊಡಲಾಯಿತು. ಇಂಗ್ಲಿಷಿನಲ್ಲಿ ಪಾಠ ಮಾಡುವ ಅಭ್ಯಾಸವಿಲ್ಲದ ಶಿಕ್ಷಕನಿಗೆ ಆ ಸಿ.ಡಿ. ಸಹಾಯಕ ಸಲಕರಣೆಯಾಗಿ ಉಳಿಯದೆ ಪಾಠವೇ ಆಗಿಬಿಡುವ ಅಪಾಯವಿತ್ತು. ಪರದೆಯ ಮೇಲೆ ದ್ರವ ಕುದಿಯುವುದನ್ನು ತೋರಿಸಿದಮೇಲೆ ಬರ್ನರ್ ಹಚ್ಚುವ ಒತ್ತಾಯ ತಾನಾಗಿಯೇ ಸಡಿಲಗೊಳ್ಳುತ್ತದೆ. 2009ರ ಜುಲೈನಲ್ಲಿ ಸರಕಾರ ಈ ನೀತಿಯನ್ನು ಹಿಂತೆಗೆಯುವ ನಿರ್ಧಾರ ಪ್ರಕಟಿಸಿ, 2012ರಿಂದ ಹಂತಹಂತವಾಗಿ ರಾಷ್ಟ್ರೀಯ ಶಾಲೆಗಳಲ್ಲಿ ಮಲಯಕ್ಕೂ, ಚೀನಿ ಹಾಗೂ ತಮಿಳು ಪ್ರಾಥಮಿಕ ಶಾಲೆಗಳಲ್ಲಿ ಆಯಾ ಭಾಷೆಗಳಿಗೂ ಮರಳಿತು. ತಯಾರಾದ ಸಾಮಗ್ರಿಯಲ್ಲಿ ದೋಷವಿತ್ತೋ ಇಲ್ಲವೋ ಎಂಬ ವಿಚಾರಣೆಗೆ ಮೊದಲೇ ಅದರ ಕಾಲಡಿಯ ಭಾಷೆ ಸರಿದುಹೋಯಿತು. ಗೋಕಾಕ್ ವರದಿಯ ಕಾಲದಿಂದ ಶಾಲೆಯ ಭಾಷೆಯ ವಿವಾದವನ್ನು ಬಲ್ಲ ಕನ್ನಡದ ಓದುಗರಿಗೆ ಈ ವಾದವಿವಾದದ ಧಾಟಿ ಅಪರಿಚಿತವೆನಿಸದು. 2016ರಲ್ಲಿ ದ್ವಿಭಾಷಾ ಕಾರ್ಯಕ್ರಮದ ಹೆಸರಿನಲ್ಲಿ ಆಯ್ದ ಶಾಲೆಗಳಿಗೆ ಇಂಗ್ಲಿಷ್ ಮತ್ತೆ ಬಂದದ್ದನ್ನೂ, 2020ರಲ್ಲಿ ಸಾರಾವಾಕ್ ರಾಜ್ಯ ತನ್ನ ಪ್ರಾಥಮಿಕ ಶಾಲೆಗಳ ಒಂದನೆಯ ವರ್ಷದಿಂದ ಅದೇ ದಾರಿ ಹಿಡಿದದ್ದನ್ನೂ ಗಮನಿಸಿದರೆ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲವೆನ್ನಬೇಕು.

2011ರಲ್ಲಿ ಆರಂಭವಾದ 1ಬೆಸ್ತಾರಿನೆಟ್ ಯೋಜನೆ ಸುಮಾರು 10,000 ಶಾಲೆಗಳಿಗೆ ಅಂತರ್ಜಾಲ ಮತ್ತು ಒಂದು ಜಾಲಾಧಾರಿತ ಕಲಿಕಾ ವೇದಿಕೆಯನ್ನು ಒದಗಿಸಹೊರಟು, ವೇದಿಕೆಯ ಬಳಕೆ ಅತ್ಯಲ್ಪವೆಂಬ ಮಹಾಲೆಕ್ಕಪರಿಶೋಧಕರ ಟೀಕೆಗೆ ಗುರಿಯಾಗಿ, 2019ರಲ್ಲಿ ಕೊನೆಗೊಂಡಿತು. ಇದಕ್ಕೆ ಹೋಲಿಸಿದರೆ 1990ರ ದಶಕದ ಕೊನೆಯಲ್ಲಿ ಸಾರಾವಾಕ್ ವಿಶ್ವವಿದ್ಯಾಲಯ ಕೆಲಾಬಿಟ್ ಜನರ ಬಾರಿಯೊ ಎತ್ತರಭೂಮಿಯಲ್ಲಿ ಕೈಗೊಂಡ ಇ-ಬಾರಿಯೊ ಯೋಜನೆ ಗಾತ್ರದಲ್ಲಿ ಬಹಳ ಚಿಕ್ಕದು. ಸಣ್ಣ ವಿಮಾನದಲ್ಲಿ ಇಂಧನ ಸಾಗಿಸಬೇಕಾಗಿದ್ದ ಆ ಊರಿನಲ್ಲಿ, ಉಪಗ್ರಹ ಸಂಪರ್ಕ ಏರ್ಪಡಿಸುವ ಜೊತೆಗೆ ಶಾಲೆಯಲ್ಲಿ ಕಂಪ್ಯೂಟರ್ ಕಲಿಕೆಗೂ ವ್ಯವಸ್ಥೆಯಾಯಿತು. ಊರಿನವರ ಅಗತ್ಯವನ್ನು ಮೊದಲು ಕೇಳಿ, ಯಂತ್ರವನ್ನು ಆಮೇಲೆ ತಂದ ಕ್ರಮವೇ ಅದರ ಹೆಚ್ಚುಗಾರಿಕೆ.

ಪರೀಕ್ಷೆಯ ಪ್ರಭಾವ ಪ್ರಯೋಗಾಲಯದಲ್ಲಿ ಇನ್ನಷ್ಟು ಸ್ಪಷ್ಟ. ಕರ್ನಾಟಕದ ಎಸ್ಸೆಸ್ಸೆಲ್ಸಿಯಂತೆ ಮುಂದಿನ ಓದಿನ ದಾರಿಯನ್ನು ತೀರ್ಮಾನಿಸುವ ಎಸ್‌ಪಿಎಂ ಪರೀಕ್ಷೆಯಲ್ಲಿ ಮೊದಲು ಪ್ರಾಯೋಗಿಕ ಪರೀಕ್ಷೆ ಇತ್ತು. 1999ರಲ್ಲಿ ಅದರ ಬದಲು 'ಪೆಕಾ' ಎಂಬ ಪ್ರಾಯೋಗಿಕ ಕಾರ್ಯದ ಮೌಲ್ಯಮಾಪನ ಬಂತು. ಇದರಲ್ಲಿ ವರ್ಷವಿಡೀ ನಡೆಯುವ ಪ್ರಯೋಗಗಳಿಗೆ ಶಾಲೆಯ ಶಿಕ್ಷಕನೇ ಅಂಕ ಕೊಡುತ್ತಿದ್ದ. ಉದ್ದೇಶ ಉದಾತ್ತವಾದದ್ದೇ, ಕಲಿಸುವವನೂ ಅಂಕ ಕೊಡುವವನೂ ಒಬ್ಬನೇ ಆದಾಗ ಹುಡುಗರ ವರದಿಗಳು ಒಂದನ್ನೊಂದು ಹೋಲತೊಡಗುತ್ತವೆ ಎಂಬ ದೂರು ಮಾತ್ರ ಪೆಕಾವನ್ನು ಬಿಡಲಿಲ್ಲ. 2021ರ ಎಸ್‌ಪಿಎಂನಿಂದ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಿಗೆ ಪ್ರಾಯೋಗಿಕ ಪರೀಕ್ಷೆ ಮರಳಿದೆ.

ಗಣಕ ಬೋಧನೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿದೆ. 2017ರ ಹೊಸ ಮಾಧ್ಯಮಿಕ ಪಠ್ಯಕ್ರಮದಲ್ಲಿ 'ಅಸಾಸ್ ಸೈನ್ಸ್ ಕೊಂಪ್ಯೂತರ್' (ಗಣಕ ವಿಜ್ಞಾನದ ಮೂಲತತ್ತ್ವಗಳು) ಎಂಬ ವಿಷಯ ಒಂದರಿಂದ ಮೂರನೆಯ ಫಾರ್ಮ್‌ವರೆಗೆ ಸೇರಿತು. ಸೌಕರ್ಯವಿಲ್ಲದ ಶಾಲೆಗಳು ಅದರ ಬದಲು ವಿನ್ಯಾಸ ಮತ್ತು ತಂತ್ರಜ್ಞಾನವನ್ನು ಕಲಿಸಬಹುದು. ವಿಷಯದ ತಳಹದಿ ಗಣಕೀಯ ಚಿಂತನೆ, ಅಂದರೆ ಸಮಸ್ಯೆಯನ್ನು ಯಂತ್ರವೂ ಬಿಡಿಸಬಲ್ಲ ರೂಪಕ್ಕೆ ತರುವ ವಿಚಾರಕ್ರಮ. ಅದರ ನಾಲ್ಕು ಉಪಾಯಗಳು ದೊಡ್ಡದನ್ನು ಬಿಡಿಸಿಕೊಳ್ಳುವುದು, ಮರುಕಳಿಸುವ ಕ್ರಮವನ್ನು ಗುರುತಿಸುವುದು, ಬೇಡದ ವಿವರವನ್ನು ಕೈಬಿಡುವುದು ಮತ್ತು ದೊರೆತ ಪರಿಹಾರವನ್ನು ಇತರ ಸಂದರ್ಭಗಳಿಗೆ ವಿಸ್ತರಿಸುವುದು. ಇವುಗಳ ಅಭ್ಯಾಸಕ್ಕೆ ಕಂಪ್ಯೂಟರ್ ಅನಿವಾರ್ಯವಲ್ಲ. ನಾಸಿ ಲೆಮಾಕ್ ಊಟವನ್ನು ನಲವತ್ತು ಮಂದಿಗೆ ಸಿದ್ಧಪಡಿಸುವ ಕೆಲಸವನ್ನು ಹಂತಗಳಾಗಿ ಒಡೆದು, ಅನ್ನ ಬೇಯುತ್ತಿರುವಾಗಲೇ ಸಂಬಲ್ ಚಟ್ನಿಯ ಕೆಲಸ ಸಾಗಬಹುದೆಂದು ಹರಿವುನಕ್ಷೆಯಲ್ಲಿ ತೋರಿಸುವುದು ಒಳ್ಳೆಯ ಚಟುವಟಿಕೆಯೇ ಆಗುತ್ತದೆ. ಸ್ಕ್ರ್ಯಾಚ್ ಎಂಬ ತಂತ್ರಾಂಶದ ಬಣ್ಣದ ತುಂಡುಗಳನ್ನು ಜೋಡಿಸಿ ಆಜ್ಞಾವಳಿ ಬರೆಯುವುದು ಅದರ ಮುಂದಿನ ಹಂತ.

ಮೂರನೆಯ ಫಾರ್ಮ್ ಕೊನೆಯ ಪಿಟಿ3 ಪರೀಕ್ಷೆಯಲ್ಲಿ ಈ ವಿಷಯಕ್ಕೂ ಪ್ರಶ್ನೆಪತ್ರಿಕೆ ಇತ್ತು. 2022ರಲ್ಲಿ ಪಿಟಿ3 ರದ್ದಾಯಿತು. ಅದರ ಬದಲು ಒತ್ತು ಬಿದ್ದದ್ದು ಆರು ಹಂತಗಳ ತರಗತಿ ಮೌಲ್ಯಮಾಪನದ ಮೇಲೆ. ಅದರ ಆರನೆಯ ಹಂತ ವಿದ್ಯಾರ್ಥಿಯಿಂದ ಸೃಜನಶೀಲ ಪರಿಹಾರವನ್ನು ನಿರೀಕ್ಷಿಸುತ್ತದೆ. ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಮಾದರಿಯಾಗಿ ಇಟ್ಟುಕೊಂಡು ಪಾಠ ಹೊಂದಿಸುತ್ತಿದ್ದ ಶಿಕ್ಷಕ ಆ ಹಂತಕ್ಕೆ ಬೇಕಾದ ಚಟುವಟಿಕೆಯನ್ನು ಇನ್ನು ತಾನೇ ರೂಪಿಸಿಕೊಳ್ಳಬೇಕಾಗಿದೆ.