ರೋರಿಖನ ವಾಸ್ತುಚಿತ್ರಗಳೂ ಚರಿತ್ರೆಯ ಪ್ರಮಾಣವೂ

ಚಿತ್ರಕಾರನು ತನ್ನ ಶೈಲಿಗೆ ಒಗ್ಗಿಸಿ ಬರೆದ ಕಟ್ಟಡದ ಚಿತ್ರವು ಚರಿತ್ರೆಗೆ ಪ್ರಮಾಣವಾಗಬಲ್ಲುದೇ? ಅಳತೆಯಿಟ್ಟು ಬರೆದ ನಕ್ಷೆಯನ್ನು ಚರಿತ್ರಕಾರರು ಆದರದಿಂದ ಸ್ವೀಕರಿಸುವರು, ಚಿತ್ರವನ್ನು ಶಂಕಿಸುವರು. ಈ ಶಂಕೆಯ ಬಲಾಬಲವನ್ನು ಪರೀಕ್ಷಿಸುವುದಕ್ಕೆ ನಿಕೊಲಸ್ ರೋರಿಖನ ಪ್ರಾಚೀನ ರುಷ್ಯ ವಾಸ್ತುಚಿತ್ರಮಾಲೆಯು ತಕ್ಕ ನಿದರ್ಶನವಾಗಿದೆ.

ರೋರಿಖನು ಭಾರತದಲ್ಲಿ ಹಿಮಾಲಯದ ಚಿತ್ರಕಾರನೆಂದೇ ಪ್ರಸಿದ್ಧನು. ಆದರೆ ೧೮೭೪ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಜನಿಸಿದ ಆತನು ತಾರುಣ್ಯದಲ್ಲಿ ಪುರಾತನ ಸಮಾಧಿದಿಬ್ಬಗಳನ್ನು ಅಗೆದು ಶೋಧಿಸಿದ ಪುರಾತತ್ತ್ವಜ್ಞನೂ ಆಗಿದ್ದನು. ೧೯೦೩ರಲ್ಲಿ ಪತ್ನಿ ಹೆಲೆನಾಳೊಡನೆ ಯಾರೊಸ್ಲಾವ್ಲ್, ವ್ಲಾದಿಮಿರ್, ಸುಜ್ದಾಲ್, ರೋಸ್ತೋವ್, ಸ್ಮೊಲೆನ್‌ಸ್ಕ್, ಪ್ಸ್ಕೋವ್ ಮೊದಲಾದ ಹಳೆಯ ಪಟ್ಟಣಗಳಲ್ಲಿ ಸಂಚರಿಸಿ, ಅಲ್ಲಿಯ ದೇವಾಲಯಗಳನ್ನೂ ಕೋಟೆಗಳನ್ನೂ ತೈಲವರ್ಣದಲ್ಲಿ ಚಿತ್ರಿಸಿದನು. ೧೯೦೪ರಲ್ಲಿ ಈ ಕಾರ್ಯವು ಮುಂದುವರಿಯಿತು.

ಈ ಚಿತ್ರಗಳಲ್ಲಿ ಜನಸಂಚಾರವು ವಿರಳ. ಹದಿನಾಲ್ಕನೆಯ ಶತಮಾನದ ಇಜ್‌ಬೊರ್ಸ್ಕ್ ಕೋಟೆಯ ಬುರುಜುಗಳಾಗಲಿ, ಹದಿನೇಳನೆಯ ಶತಮಾನದ ರೋಸ್ತೋವ್ ಕೋಟೆಯ ಗೋಪುರಗಳಾಗಲಿ, ಅಲಂಕಾರದ ವಿವರಗಳಿಂದಲ್ಲ, ಗೋಡೆಯ ಘನತೆಯಿಂದಲೂ ಆಕಾಶಕ್ಕೆ ಎದುರಾಗಿ ನಿಂತ ಹೊರರೇಖೆಯಿಂದಲೂ ಕಾಣಿಸಿಕೊಳ್ಳುತ್ತವೆ.

ಯಶೋಧರನು ಹೇಳಿದ ಚಿತ್ರದ ಷಡಂಗಗಳಲ್ಲಿ ಪ್ರಮಾಣವು ಎರಡನೆಯದು. ಅಲ್ಲಿ ಅದಕ್ಕೆ ಅಳತೆಯೆಂದು ಅರ್ಥ. ನ್ಯಾಯಶಾಸ್ತ್ರದಲ್ಲಾದರೋ ಪ್ರಮಾಣವೆಂದರೆ ಯಥಾರ್ಥಜ್ಞಾನದ ಸಾಧನ. ರೋರಿಖನ ಚಿತ್ರಗಳು ಮೊದಲನೆಯ ಅರ್ಥದಲ್ಲಿ ನ್ಯೂನವಾದರೂ ಎರಡನೆಯ ಅರ್ಥದಲ್ಲಿ ಹಾಗಲ್ಲ. ಗೋಡೆಯ ಉದ್ದವನ್ನು ಅವು ತಿಳಿಸಲಾರವು; ಕಟ್ಟಡವು ನೆಲಕ್ಕೂ ದಿಬ್ಬಕ್ಕೂ ಆಕಾಶಕ್ಕೂ ಹೊಂದಿಕೊಂಡು ನಿಂತ ಬಗೆಯನ್ನು ತಿಳಿಸಬಲ್ಲವು.

ಅಳತೆಯು ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧಿಸುವುದಿಲ್ಲ. ನೊವ್ಗೊರೊದ್ ಬಳಿಯ ನೆರೆದಿತ್ಸಾ ದೇವಾಲಯವು ೧೧೯೮ರಲ್ಲಿ ನಿರ್ಮಿತವಾದುದು. ರೋರಿಖನು ಚಿತ್ರಮಾಲೆಯನ್ನು ಬರೆಯುತ್ತಿದ್ದ ಅದೇ ೧೯೦೩–೦೪ರಲ್ಲಿ ವಾಸ್ತುಶಿಲ್ಪಿ ಪೊಕ್ರಿಷ್ಕಿನನು ಅದರ ಜೀರ್ಣೋದ್ಧಾರವನ್ನು ಕೈಗೊಂಡು ಅಳತೆಗಳನ್ನು ಬರೆದಿಟ್ಟನು. ೧೯೪೧ರ ಯುದ್ಧದಲ್ಲಿ ದೇವಾಲಯವು ಧ್ವಂಸವಾಗಲು, ಆ ಅಳತೆಗಳ ಆಧಾರದಿಂದಲೇ ಅದು ಮತ್ತೆ ಎದ್ದಿತು. ಆದರೆ ಒಳಗಿನ ಭಿತ್ತಿಚಿತ್ರಗಳ ಬಹುಭಾಗವು ಮರಳಲಿಲ್ಲ. ಅಳತೆಯಿಂದ ಗೋಡೆ ಬಂದಿತು, ಗೋಡೆಯ ಮೇಲಿನ ಕೈಬರಹ ಬರಲಿಲ್ಲ.

ಇಂಥ ನಾಶದ ಭೀತಿಯು ರೋರಿಖನನ್ನು ಕಡೆಯವರೆಗೂ ಬಿಡಲಿಲ್ಲ. ಯುದ್ಧಕಾಲದಲ್ಲಿಯೂ ಕಲಾಸ್ಮಾರಕಗಳನ್ನು ರಕ್ಷಿಸಬೇಕೆಂದು ಆತನು ಸೂಚಿಸಿದ ಒಪ್ಪಂದಕ್ಕೆ ೧೯೩೫ರ ಏಪ್ರಿಲ್ ೧೫ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡಗಳ ೨೧ ರಾಷ್ಟ್ರಗಳ ಪ್ರತಿನಿಧಿಗಳು ಸಹಿಮಾಡಿದರು. ಹಳೆಯ ಗೋಡೆಗಳ ಮುಂದೆ ಕುಂಚ ಹಿಡಿದು ನಿಂತವನಿಗೆ ಅವುಗಳ ಬೆಲೆ ತಿಳಿದಿತ್ತು. ನಕ್ಷೆಯು ಪುನರ್ನಿರ್ಮಾಣಕ್ಕೆ ಬೇಕು. ಉಳಿಸಿಕೊಳ್ಳಬೇಕೆಂಬ ಬುದ್ಧಿ ಹುಟ್ಟುವುದಕ್ಕೆ ಚಿತ್ರವೂ ಬೇಕು.